ಸದಸ್ಯರ ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರುಗಳು



ನಮ್ಮ ಸಂಘದ ಲೆಡ್ಜರನ್ನು ಕಂಪ್ಯೂಟರಿಗೆ ಏರಿಸಿದಾಗ ಒಬ್ಬರ ಹೆಸರೇ ಎರಡು ಮೂರು ಕಡೆ ಕಂಡಿತು. ಲೆಡ್ಜರಿನಲ್ಲಿ ‘ಮುನಿಯಪ್ಪ ಬಿನ್ ದೊಡ್ಡಪ್ಪಯ್ಯ’, ಸಾಲದ ಅರ್ಜಿಯಲ್ಲಿ ‘ಡಿ. ಮುನಿಯಪ್ಪ’, ಆಧಾರ್‌ನಲ್ಲಿ ‘ಮುನಿಯಪ್ಪ ಡಿ.’ ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಮೂವರು. ಹೆಣ್ಣುಮಕ್ಕಳದಂತೂ ಮೊದಲು ತಂದೆ ಹೆಸರು, ಮದುವೆ ಆದಮೇಲೆ ‘ಕೋಂ’ ಅಂತ ಗಂಡನ ಹೆಸರು.

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ಹೆಸರು ಎರಡಾದರೆ ಓಟೂ ಎರಡಾಗುತ್ತೆ.

ಹಾಗಂತ ಒಂದೇ ಥರದ ಹೆಸರನ್ನೆಲ್ಲಾ ಹೊಡೆದುಹಾಕಿ ಅಂತ ನಾನು ಹೇಳೋದಿಲ್ಲ. ನಮ್ಮ ಸಿಂಗಸಂದ್ರದ ಕಡೆ ತಾತನ ಹೆಸರು ಮೊಮ್ಮಕ್ಕಳಿಗೆ ಇಡ್ತೀವಿ. ಅಣ್ಣತಮ್ಮಂದಿರ ಮಕ್ಕಳಿಬ್ಬರಿಗೂ ಅದೇ ಹೆಸರು ಇರಬಹುದು. ಇಬ್ಬರನ್ನೂ ಒಬ್ಬರು ಮಾಡಿದರೆ ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಬರುತ್ತೆ. ಫೋನ್ ನಂಬರ್ ನಂಬೋ ಹಾಗಿಲ್ಲ, ಮಗನ ನಂಬರನ್ನೇ ಅಪ್ಪ ಅಮ್ಮ ಇಬ್ಬರೂ ಕೊಟ್ಟಿರ್ತಾರೆ.

ತಂದೆ ಅಥವಾ ಗಂಡನ ಹೆಸರು, ಷೇರು ಪತ್ರದ ನಂಬರು, ಹಳೇ ಸಹಿ ಅಥವಾ ಹೆಬ್ಬೆಟ್ಟು ತಾಳೆ ನೋಡಿ, ಆ ಸದಸ್ಯರನ್ನೇ ಕೇಳಿ ಆಮೇಲೆ ಸೇರಿಸಬೇಕು. ಹಳೇ ನಂಬರನ್ನು ಅಳಿಸದೆ ಪಕ್ಕದಲ್ಲೇ ಬರೆದಿಡಬೇಕು. ನಾಳೆ ಹಳೇ ರಸೀದಿ ಹಿಡಿದು ಬಂದವರಿಗೆ ಉತ್ತರ ಕೊಡಬೇಕಲ್ಲ. ಪಟ್ಟಿಯನ್ನು ಸಂಘದ ಬಾಗಿಲಲ್ಲಿ ಅಂಟಿಸಿದ್ದೇವೆ. ದಯವಿಟ್ಟು ಷೇರು ಪತ್ರ ತಂದು ಕಾರ್ಯದರ್ಶಿಗಳಿಗೆ ತೋರಿಸಿ.