ತಿಂಗಳ ನೋವಿಗೆ ಕರೆಂಟೇ?



ಕೇಳುಗರೇ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಟೆನ್ಸ್ ಯಂತ್ರದ ಬಗ್ಗೆ ನೀವು ಬರೆದ ಪತ್ರಗಳಲ್ಲೆಲ್ಲ ಒಂದೇ ಅಂಜಿಕೆ: ಮುಟ್ಟಿನ ನೋವಿಗೆಂದು ಕಿಬ್ಬೊಟ್ಟೆಗೆ ಕರೆಂಟ್ ಕೊಟ್ಟರೆ ಗರ್ಭಕೋಶ ಕೆಡುವುದಿಲ್ಲವೇ? ಮುಂದೆ ಮಕ್ಕಳಾಗುತ್ತವೆಯೇ?

ಇದು ಗೋಡೆಯ ಪ್ಲಗ್ಗಿನ ಕರೆಂಟಲ್ಲ, ಬ್ಯಾಟರಿಯದು. ಅಂಗೈಯಲ್ಲಿ ಹಿಡಿಸುವ ಡಬ್ಬಿ, ಚರ್ಮಕ್ಕೆ ಅಂಟುವ ಪ್ಯಾಡುಗಳು. ಅದು ಜುಮ್ಮೆನಿಸುವುದು ಚರ್ಮದಡಿಯ ನರಗಳನ್ನು. ಗರ್ಭಕೋಶ ಹಿಂಡುವುದು ಎಂದಿನಂತೆ ನಡೆದೇ ಇರುತ್ತದೆ. ಹಾಗಾದರೆ ನೋವು ತಗ್ಗುವುದು ಹೇಗೆ?

ಮೊಣಕೈ ಎಲ್ಲಾದರೂ ಬಡಿದರೆ ತಕ್ಷಣ ಉಜ್ಜಿಕೊಳ್ಳುತ್ತೀರಲ್ಲ? ಯಾರೂ ಹೇಳಿಕೊಟ್ಟದ್ದಲ್ಲ, ಆದರೂ ನೋವು ತಗ್ಗುತ್ತದೆ. ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಅದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂದುಕೊಳ್ಳಿ. ಸ್ಪರ್ಶದ ಸುದ್ದಿ ತರುವ ನರಗಳು ದಪ್ಪ, ಚುರುಕು. ಮುಟ್ಟಿನ ನೋವಿನಂಥ ನೋವನ್ನು ತರುವವು ಸಣ್ಣವು, ನಿಧಾನ. ಸಂತೆ ದಿನದ ಬಸ್ಸನ್ನು ನೆನೆಯಿರಿ. ಚುರುಕಿನವರು ಬಾಗಿಲಲ್ಲೇ ತುಂಬಿಕೊಂಡರೆ ಹಿಂದಿನವರು ಹತ್ತುವುದೆಲ್ಲಿ? ಯಂತ್ರದ ಜುಮ್ಮೂ ಸ್ಪರ್ಶದ ಸುದ್ದಿಯೇ. ಗರ್ಭಕೋಶದ ನೋವೂ ಕಿಬ್ಬೊಟ್ಟೆಯ, ಸೊಂಟದ ಚರ್ಮದ ಸ್ಪರ್ಶವೂ ಬೆನ್ನುಹುರಿಯ ಅದೇ ಬಾಗಿಲಿಗೆ ಬರುತ್ತವೆ. ಪ್ಯಾಡನ್ನು ಅಲ್ಲೇ ಅಂಟಿಸುವುದು ಅದಕ್ಕೇ.

ಮತ್ತೊಮ್ಮೆ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಯಂತ್ರ ನೋವಿನ ಕಾರಣವನ್ನು ತೆಗೆಯುವುದಿಲ್ಲ, ಸುದ್ದಿಯನ್ನು ತಡೆಯುತ್ತದೆ. ಆದ್ದರಿಂದ ‘ಜಾಸ್ತಿ ಕರೆಂಟ್, ಜಾಸ್ತಿ ಗುಣ’ ಎಂಬುದು ಶುದ್ಧ ತಪ್ಪು. ಫಿಸಿಯೋಥೆರಪಿ ಓದಿದ ನಾನೇ ಮೊದಲ ಸಲ ಗುಂಡಿ ತಿರುಗಿಸಿ ತಿರುಗಿಸಿ ಹೊಟ್ಟೆಯ ಸ್ನಾಯು ಕುಣಿಸಿಕೊಂಡು ಕಿರುಚಿದ್ದೆ. ಜೋರಾಗಿ ಜುಮ್ಮೆನ್ನಬೇಕು, ಚುಚ್ಚಬಾರದು. ಸೆಕೆಂಡಿಗೆ 80ರಿಂದ 100 ಮಿಡಿತಗಳಷ್ಟು ವೇಗವಿರಲಿ. ಮುಟ್ಟಿನ ನೋವಿನ ಪರೀಕ್ಷೆಗಳಲ್ಲಿ ಈ ಹೆಚ್ಚು ವೇಗದ ಬಗೆ ಹುಸಿ ಯಂತ್ರಕ್ಕಿಂತ ಮೇಲೆನಿಸಿದೆ.

ಅಯ್ಯೋ, ಸಮಯ ಇಲ್ಲೇ ಮುಗಿಯಿತು. ಉಳಿದದ್ದು ಬೇಗ ಬೇಗ: ಬಸುರಿಯೆಂಬ ಅನುಮಾನವಿದ್ದರೆ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಬೇಡ. ಗಾಯದ ಮೇಲೆ, ಸ್ನಾನದಲ್ಲಿ, ನಿದ್ದೆಯಲ್ಲಿ, ಗಾಡಿ ಓಡಿಸುವಾಗ ಬೇಡವೇ ಬೇಡ.

ಕೊನೆಯದಾಗಿ ತಾಯಂದಿರಿಗೆ. ‘ಮದುವೆಯಾದರೆ ಸರಿಹೋಗುತ್ತೆ’ ಎಂಬ ಮಾತನ್ನು ದಯವಿಟ್ಟು ಬಿಡಿ. ನನಗೂ ಅದನ್ನೇ ಹೇಳಿದ್ದರು. ಮಗಳ ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಕಾಡುತ್ತಿದ್ದರೆ, ಅದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಇರಬಹುದು. ಆ ಸುದ್ದಿಯನ್ನು ಯಂತ್ರದಿಂದ ತಡೆದು ಕೂರಬೇಡಿ. ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ.