ಜೋಗಪ್ಪ ಎಲ್ಲಿ ಸೀರೆ ಬದಲಿಸಬೇಕು?



ಹುಣ್ಣಿಮೆಗೆ ಹುಲಿಗಿಗೆ ಹೋಗಿ ಬಂದವರು ಇಲ್ಲಿ ಅನೇಕರಿದ್ದೀರಿ. ಸಿಂಧನೂರಿನಿಂದ ಕಾರಟಗಿ, ಗಂಗಾವತಿ ದಾಟಿ ಹುಲಿಗೆಮ್ಮನ ಗುಡಿ ಮುಟ್ಟಿದವರು ಮೊದಲು ಮಾಡುವ ಕೆಲಸ ತುಂಗಭದ್ರೆಯಲ್ಲಿ ಮೀಯುವುದು. ಗಂಡಸರಿಗೆ ಅಲ್ಲಿ ಅಂಥ ಪಂಚಾಯತಿಯಿಲ್ಲ. ಒಂದು ಟವೆಲು ಸುತ್ತಿಕೊಂಡರೆ ಕೆಲಸ ಮುಗಿಯಿತು. ಹೆಂಗಸರ ಮಾತು ಹಾಗಲ್ಲ. ಇಬ್ಬರು ಒಂದು ಸೀರೆಯ ಎರಡು ತುದಿ ಹಿಡಿದು ಮರೆ ಮಾಡುತ್ತಾರೆ, ಮೂರನೆಯವಳು ಆ ಮರೆಯಲ್ಲಿ ಒದ್ದೆ ಸೀರೆ ತೆಗೆದು ಒಣಗಿದ್ದನ್ನು ಉಡುತ್ತಾಳೆ. ಆಮೇಲೆ ಅವಳು ಹಿಡಿಯುತ್ತಾಳೆ, ಇನ್ನೊಬ್ಬಳು ಉಡುತ್ತಾಳೆ. ಹೊಳೆ, ಕೆರೆ, ಕಾಲುವೆ ಎಲ್ಲಿ ಹೋದರೂ ನಡೆದುಬಂದ ವ್ಯವಸ್ಥೆ ಇದು.

ಅದೇ ಹೊಳೆಯಲ್ಲಿ ಕೊಡ, ಚೌಡಕಿ ದಂಡೆಗಿಟ್ಟು ಜೋಗಪ್ಪನೂ ಮೀಯುತ್ತಾನೆ. ಮೀಯುತ್ತಾಳೆ ಎಂದರೂ ಸರಿಯೇ, ಊರಿನವರು ಎರಡೂ ಬಗೆಯಲ್ಲಿ ಕರೆಯುತ್ತಾರೆ. ಉಟ್ಟಿರುವುದು ಸೀರೆ, ಕೈಯಲ್ಲಿ ಹಸಿರು ಬಳೆ. ಆ ಸೀರೆಯ ಮರೆಯನ್ನು ಜೋಗಪ್ಪನಿಗೆ ಯಾರು ಹಿಡಿಯಬೇಕು? ಹೆಂಗಸರ ಗುಂಪಿನೊಳಗೆ ಹೋಗಬೇಕೋ, ಗಂಡಸರ ನಡುವೆ ಸೆರಗು ಬಿಚ್ಚಬೇಕೋ? ಇಷ್ಟು ಕಾಲ ಇದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕತ್ತಲಿರುವಾಗಲೇ ಮಿಂದು ಬರುವುದು, ಬಂಡೆಯ ಮರೆ ಹುಡುಕುವುದು, ಇಲ್ಲವೇ ತಮ್ಮವರೇ ನಾಲ್ಕು ಮಂದಿ ಕೂಡಿ ಹೋಗುವುದು, ಹೀಗೆ ಹೇಗೋ ಸಾಗಿತು.

ಈಗ ಸಾಗುತ್ತಿಲ್ಲ. ಹೊಳೆಯ ದಂಡೆಗೂ ಬಸ್ ನಿಲ್ದಾಣಕ್ಕೂ ಆಸ್ಪತ್ರೆಗೂ ಹಾಸ್ಟೆಲ್ಲಿಗೂ ಕಟ್ಟಡಗಳು ಬಂದಿವೆ. ಕಟ್ಟಡಕ್ಕೆ ಎರಡು ಬಾಗಿಲು. ಒಂದರ ಮೇಲೆ ಮೀಸೆಯ ಚಿತ್ರ, ಇನ್ನೊಂದರ ಮೇಲೆ ಜಡೆಯ ಚಿತ್ರ. ಹೊಳೆಯಲ್ಲಿ ನೂರು ಮಾರು ದೂರ ಸರಿದು ಹೋಗಬಹುದಿತ್ತು. ಬಾಗಿಲ ಮುಂದೆ ನಿಂತವರು ಒಂದನ್ನು ಆರಿಸಲೇಬೇಕು.

ಇದು ನಮ್ಮ ಸೀಮೆಯ ತಕರಾರು ಮಾತ್ರವಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ 2016ರಲ್ಲಿ ಒಂದು ಕಾಯ್ದೆ ಮಾಡಿ, ಜನನ ಪ್ರಮಾಣಪತ್ರದಲ್ಲಿ ಯಾವ ಲಿಂಗ ಬರೆದಿದೆಯೋ ಸರ್ಕಾರಿ ಕಟ್ಟಡಗಳಲ್ಲಿ ಅದೇ ಶೌಚಾಲಯ, ಅದೇ ಬಟ್ಟೆ ಬದಲಿಸುವ ಕೋಣೆ ಬಳಸಬೇಕು ಎಂದಿತು. ದೇಶವೆಲ್ಲ ಗದ್ದಲವೆದ್ದು ಮರುವರ್ಷವೇ ಆ ಕಟ್ಟಳೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಬಾಗಿಲಲ್ಲಿ ನಿಂತು ಪತ್ರ ನೋಡುವವರು ಯಾರು ಎಂಬುದನ್ನು ಕಾಯ್ದೆ ಮಾಡಿದವರು ಯೋಚಿಸಿದಂತಿರಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟು 2025ರ ಏಪ್ರಿಲ್ 16ರಂದು, ಅಲ್ಲಿನ 2010ರ ಸಮಾನತೆಯ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ಹುಟ್ಟಿನಿಂದ ಹೆಣ್ಣಾದವಳು ಎಂದೇ ಅರ್ಥ ಎಂದು ತೀರ್ಪಿತ್ತಿತು. ಅದಾದ ಮೇಲೂ ಆಸ್ಪತ್ರೆಗಳ, ಈಜುಕೊಳಗಳ ಕೋಣೆಗಳ ಜಗಳ ನಿಲ್ಲಲಿಲ್ಲ.

ಆದರೆ ಆ ದೇಶಗಳ ಜಗಳವನ್ನು ಹಾಗೆಯೇ ತಂದು ರಾಯಚೂರು ಜಿಲ್ಲೆಗೆ ಅಂಟಿಸಿದರೆ ಕೆಲಸ ಕೆಡುತ್ತದೆ. ಅಲ್ಲಿಯ ಅನೇಕರಿಗೆ ಈ ಜನ ಹೊಸಬರು. ಇಲ್ಲಿ ಹಾಗಲ್ಲ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ ಈ ಎರಡು ಗುಡಿಗಳ ಒಕ್ಕಲಲ್ಲಿ ಜೋಗಪ್ಪನನ್ನು ಕಾಣದ ಮನೆಯಿಲ್ಲ. ಮಂಗಳವಾರ, ಶುಕ್ರವಾರ ಬಾಗಿಲಿಗೆ ಬಂದರೆ ಜೋಳ ನೀಡಿ, ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವ ಮುನ್ನ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಅದನ್ನು ಟಿ.ವಿ.ಯಲ್ಲಿ ಕಂಡು ಈ ಭಾಗದ ಮಂದಿ ಹೆಮ್ಮೆಪಟ್ಟದ್ದು ಸುಳ್ಳಲ್ಲ.

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎಂದು ಹೇಳುವಂತಿಲ್ಲ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಎಷ್ಟು ಬಾಳುಗಳನ್ನು ಹಾಳು ಮಾಡಿತೆಂಬುದು ಇಲ್ಲಿ ಕುಳಿತವರಿಗೆ ಗೊತ್ತು. ಅದನ್ನು ತಡೆಯಲು 1982ರ ಕಾಯ್ದೆಯೇ ಬೇಕಾಯಿತು. ಜೋಗಪ್ಪನಿಗೂ ದೇವಿಯ ಮುಂದೆ ಕೈಮುಗಿಯುವ ಜನ, ಸಂತೆಯಲ್ಲಿ ಚುಡಾಯಿಸುವ ಜನ ಬೇರೆ ಬೇರೆಯಲ್ಲ. ಮರ್ಯಾದೆ ಸಿಕ್ಕಿದ್ದು ಹೊತ್ತ ಕೊಡಕ್ಕೆ, ಹೊತ್ತ ದೇಹಕ್ಕಲ್ಲ.

ಇಂಥ ಸಭೆಗಳಲ್ಲಿ ಮಾತನಾಡುವವರು ಕೂಡಲೇ ಜೇಡರ ದಾಸಿಮಯ್ಯನನ್ನು ನೆನೆಯುತ್ತಾರೆ. ಸುರಪುರ ಸೀಮೆಯ ಮುದನೂರಿನವನಾದ ಆತ, ಬಸವಣ್ಣನವರಿಗೂ ಹಿಂದೆಯೇ, ಒಳಗಿರುವ ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದ. ದೊಡ್ಡ ಮಾತು. ಆದರೆ ಸ್ನಾನದ ಕೋಣೆಯಲ್ಲಿ ಬಟ್ಟೆ ಬದಲಿಸುವುದು ಆತ್ಮವಲ್ಲ. ಅಲ್ಲಿ ದೇಹದ ಪ್ರಶ್ನೆಯೇ ಮುಖ್ಯ. ಜೋಗಪ್ಪಗಳಲ್ಲಿ ಬಹುಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲ. ದೇವಿಗೆ ಒಪ್ಪಿಸಿದ ಮೈಗೆ ಕತ್ತಿ ತಾಗಬಾರದೆಂಬುದು ಅವರಲ್ಲಿ ಅನೇಕರ ನಂಬಿಕೆ. ಆದ್ದರಿಂದ ವಚನ ಹೇಳಿ ಈ ಪ್ರಶ್ನೆಯಿಂದ ಜಾರಿಕೊಳ್ಳುವುದು ಸಾಧ್ಯವಿಲ್ಲ.

ಕಾನೂನು ಈ ದೇಹವನ್ನು ಹೇಗೆ ಕಂಡಿತು ಎಂಬುದಕ್ಕೆ ನಮ್ಮ ಭಾಗದ್ದೇ ಒಂದು ಹಳೆಯ ಕತೆಯಿದೆ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ನಿಜಾಮರ ಸರ್ಕಾರ 1329ನೇ ಫಸಲಿಯಲ್ಲಿ, ಅಂದರೆ 1919ರಲ್ಲಿ, ಇಂಥವರಿಗಾಗಿಯೇ ಒಂದು ಕಾಯ್ದೆ ತಂದಿತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವೇ ಅದಕ್ಕೆ ಮಾದರಿ. ಹೈದರಾಬಾದ್ ನಗರದಲ್ಲಿ, ಸರ್ಕಾರ ಬಯಸಿದರೆ ಬೇರೆ ಊರುಗಳಲ್ಲೂ, ಇವರ ಹೆಸರು ಬರೆದಿಡುವ ರಿಜಿಸ್ಟರ್ ಇರಬೇಕು. ಹೆಣ್ಣುಡುಗೆ ಉಟ್ಟು, ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದು. ಶಿಕ್ಷೆ ಎರಡು ವರ್ಷದವರೆಗೆ. ಸೀರೆ ಉಡುವುದೇ ಅಪರಾಧವಾದ ಕಾಲ ಅದು. ಆ ಕಾಯ್ದೆ ಸಂಸ್ಥಾನ ಹೋದ ಮೇಲೂ ಪುಸ್ತಕದಲ್ಲಿ ಉಳಿದಿತ್ತು. ತೆಲಂಗಾಣ ಹೈಕೋರ್ಟು ಅದನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ. ಆಗಿನವರನ್ನು ದೂರುವ ಮುನ್ನ ಇನ್ನೊಂದು ಮಾತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೂ ಇದೇ ಬಗೆಯ ಪಟ್ಟಿ ಇಡುವ 36ಎ ಕಲಮು ಸೇರಿತ್ತು. ಅದರಿಂದ ಇವರ ಹೆಸರನ್ನು ಕೈಬಿಡಲು 2016 ಬರಬೇಕಾಯಿತು.

2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗಿಗಳೆಂದು ಗುರುತಿಸಿ, ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಒದಗಿಸಿ ಎಂದು ಸರ್ಕಾರಗಳಿಗೆ ಹೇಳಿತು. 2017ರ ಏಪ್ರಿಲ್‌ನಲ್ಲಿ ಸ್ವಚ್ಛ ಭಾರತದ ಮಾರ್ಗಸೂಚಿ ಬೇರೊಂದು ಹಾದಿ ಹಿಡಿದು, ಗಂಡಸರದೋ ಹೆಂಗಸರದೋ ತಮಗೆ ಬೇಕಾದ ಶೌಚಾಲಯವನ್ನು ಅವರು ಬಳಸಲಿ ಎಂದಿತು. 2020ರ ನಿಯಮಗಳು ಮತ್ತೆ ಹಳೆಯ ದಾರಿಗೆ ಬಂದು, ಎರಡು ವರ್ಷದೊಳಗೆ ಪ್ರತ್ಯೇಕ ವ್ಯವಸ್ಥೆ ಆಗಬೇಕು ಎಂದವು. ಎರಡು ವರ್ಷ 2022ಕ್ಕೇ ಮುಗಿಯಿತು. ಹೋಬಳಿ ಊರುಗಳ ಮಾತು ಒತ್ತಟ್ಟಿಗಿರಲಿ, ದೊಡ್ಡ ಪಟ್ಟಣಗಳಲ್ಲೂ ಅಂಥ ಕೋಣೆ ಹುಡುಕಿದರೆ ಸಿಗುವುದು ಅಪರೂಪ.

ಇನ್ನು ಖಾಸಗಿತನ. ಅದು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ತೀರ್ಪು ಹೊತ್ತಿರುವ ಹೆಸರು ಕನ್ನಡಿಗರೊಬ್ಬರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಕುರಿತು 2012ರಲ್ಲಿ ಹಾಕಿದ ಅರ್ಜಿಯಿಂದ ಅದು ಹುಟ್ಟಿತು. ಖಾಸಗಿತನವೆಂದರೆ ಗುಟ್ಟು ಮಾತ್ರವಲ್ಲ, ತನ್ನ ದೇಹದ ಮೇಲೆ ತನ್ನ ಯಜಮಾನಿಕೆ. ಈ ಹಕ್ಕು ಜೋಗಪ್ಪನಿಗೆ ಇದೆ. ಪಕ್ಕದ ಹೆಣ್ಣುಮಗಳಿಗೂ ಇದೆ. ಕಷ್ಟ ಇರುವುದು ಇಲ್ಲಿಯೇ.

ಹೆಂಗಸರ ಆತಂಕವನ್ನು ಓದಿದವರು ಕೆಲವೊಮ್ಮೆ ಬೇಗ ತಳ್ಳಿಹಾಕುತ್ತಾರೆ. ಅದು ತಪ್ಪು. ಈ ಊರುಗಳ ಹೆಣ್ಣುಮಕ್ಕಳು ಕಾಲುವೆ ನೀರು ಬಿಟ್ಟ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೆಸರಲ್ಲಿ ನಿಂತು ಭತ್ತ ನಾಟಿ ಮಾಡುವವರು. ಮೈ ತೊಳೆದು ಬಟ್ಟೆ ಬದಲಿಸಲು ಅವರಿಗೆ ನಾಲ್ಕು ಗೋಡೆ ಸಿಗುವುದೇ ಕಷ್ಟ. ಬಯಲಿಗೆ ಹೋಗಲು ಕತ್ತಲಾಗುವುದನ್ನು ಕಾದವರು ಅವರು. ಕದ್ದು ನೋಡುವ ಕಣ್ಣು, ಈಗ ಅದರ ಜೊತೆಗೆ ಮೊಬೈಲು, ಎರಡರ ಭಯವೂ ಅವರಿಗೆ ದಿನದ ಅನುಭವ. 2013ರಲ್ಲಿ ಇದನ್ನು ಪ್ರತ್ಯೇಕ ಅಪರಾಧವೆಂದು ಬರೆದರು. 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು. ಮನೆಬಾಗಿಲಿಗೆ ಬರುವ ಜೋಗವ್ವನ ಬಗ್ಗೆ ಆ ಹೆಣ್ಣುಮಗಳಿಗೆ ಭಯವಿಲ್ಲ, ಅವಳ ಹೆಸರು, ಊರು ಎಲ್ಲ ಗೊತ್ತು. ಭಯ ಇರುವುದು ಗುರುತಿಲ್ಲದ ಊರಿನ ಗುರುತಿಲ್ಲದ ಕೋಣೆಯಲ್ಲಿ, ಒಳಗೆ ಬಂದವರು ಯಾರೆಂದು ತಿಳಿಯದಾಗ. ತನಗೆ ಬೇಡವೆನಿಸಿದವರ ಎದುರು ಸೀರೆ ಬಿಚ್ಚು ಎಂದು ಅವಳಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ.

ಅಷ್ಟೇ ನಿಜವಾದ ಇನ್ನೊಂದು ಮಗ್ಗುಲಿದೆ. ಸೀರೆಯುಟ್ಟವರನ್ನು ಗಂಡಸರ ಕೋಣೆಗೆ ಕಳಿಸಿದರೆ ಅಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅವರ ಪಾಲಿಗೆ ಕಾನೂನಿನ ಆಸರೆಯೂ ತೆಳ್ಳಗೆ. 77ನೇ ಕಲಮು ಬರೆದಿರುವುದು 'ಮಹಿಳೆ'ಯನ್ನು ಕದ್ದು ನೋಡಿದವರ ಬಗ್ಗೆ. ಮತ್ತೆ, ಹುಟ್ಟಿದ ಲಿಂಗವೇ ಅಳತೆಗೋಲು ಎನ್ನುವವರು ಮರೆಯುವ ಒಂದು ಗುಂಪಿದೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು. ಗಡ್ಡ ಬಿಟ್ಟು, ಪ್ಯಾಂಟು ತೊಟ್ಟ ಅವರನ್ನು ಹೆಂಗಸರ ಕೋಣೆಗೇ ಹೋಗಿ ಎಂದರೆ ಒಳಗಿದ್ದ ಹೆಂಗಸರು ನೆಮ್ಮದಿಯಿಂದ ಇರುತ್ತಾರೆಯೆ?

ಹಾಗಾದರೆ ಮೂರನೆಯ ಬಾಗಿಲು ಇಡಿ ಎಂಬುದು ಸುಲಭದ ಉತ್ತರ. 2011ರ ಜನಗಣತಿಯಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲ, 'ಇತರೆ' ಎಂದು ಬರೆಸಿದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ. ಇದರಲ್ಲಿ ಮಕ್ಕಳೂ ಸೇರಿದ್ದಾರೆ. ಒಂದು ತಾಲ್ಲೂಕಿಗೆ ಬರುವ ಪಾಲು ಬಹಳ ಚಿಕ್ಕದು. ದಿನಕ್ಕೆ ಒಬ್ಬರೂ ಬಾರದ ಕೋಣೆಗೆ ಬೀಗ ಬೀಳುತ್ತದೆ, ಆರು ತಿಂಗಳಲ್ಲಿ ಅದರೊಳಗೆ ಪೊರಕೆ, ಬಕೆಟ್ಟು, ಸಿಮೆಂಟ್ ಚೀಲ ಸೇರಿಕೊಳ್ಳುತ್ತವೆ. ನಮ್ಮ ಕಚೇರಿಗಳನ್ನು ಕಂಡವರಿಗೆ ಇದು ಹೊಸದೇನಲ್ಲ. ಅದಕ್ಕಿಂತ ದೊಡ್ಡ ತೊಡಕು, ಆ ಬಾಗಿಲನ್ನು ತೆರೆದವನು ತಾನು ಯಾರೆಂದು ನಿಲ್ದಾಣಕ್ಕೆಲ್ಲ ಸಾರಿದಂತೆ. ಜೋಗಪ್ಪನ ಮಟ್ಟಿಗೆ ಅದು ನಡೆದೀತು, ಅವನ ವಿಷಯ ಊರಿಗೇ ಗೊತ್ತು. ಮನೆಯಲ್ಲಿ ಇನ್ನೂ ಬಾಯಿಬಿಡದ ಹದಿನೇಳರ ಹುಡುಗನೋ ಹುಡುಗಿಯೋ ಆ ಬಾಗಿಲಿನ ಹತ್ತಿರವೂ ಸುಳಿಯಲಾರರು. ಯಾರ ಖಾಸಗಿತನಕ್ಕೆಂದು ಕೋಣೆ ಕಟ್ಟಿದರೋ ಅವರ ಖಾಸಗಿತನವೇ ಅಲ್ಲಿ ಹೋಗುತ್ತದೆ. ನಿಜಾಮರ ರಿಜಿಸ್ಟರಿಗೂ ಇದಕ್ಕೂ ಉದ್ದೇಶ ಬೇರೆ, ಫಲ ಒಂದೇ.

ಬಸ್ಸಿನ ಮಾತು ತೆಗೆದುಕೊಳ್ಳಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆಗೆ ಇವರನ್ನೂ ಸೇರಿಸಲಾಯಿತು. ಇವರಿಗೂ ಹೆಂಗಸರಂತೆಯೇ ಶೂನ್ಯ ಟಿಕೆಟ್. ಇದರಿಂದ ಹೆಂಗಸರಿಗೆ ಅನ್ಯಾಯವಾಯಿತೆಂದು ದೊಡ್ಡ ಕೂಗೇನೂ ಏಳಲಿಲ್ಲ. ಆದರೆ ಅದೇ ಪ್ರಯಾಣಿಕ ಸಿಂಧನೂರಿನಲ್ಲಿ ಇಳಿದು ನಿಲ್ದಾಣದ ಶೌಚಾಲಯದ ಮುಂದೆ ನಿಂತರೆ ಮತ್ತೆ ಎರಡು ಬಾಗಿಲು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತವಳೂ ಇಲ್ಲಿ ಹಿಂಜರಿದಾಳು. ಬಸ್ಸಿನಲ್ಲಿ ಯಾರೂ ಬಟ್ಟೆ ಬಿಚ್ಚುವುದಿಲ್ಲ, ವ್ಯತ್ಯಾಸ ಅಷ್ಟೇ. ಅಂದರೆ ಹೆಂಗಸರ ತಕರಾರು ಆ ಮನುಷ್ಯರ ಬಗ್ಗೆ ಅಲ್ಲ, ಮರೆಯ ಬಗ್ಗೆ.

ಮರೆಯನ್ನು ಮಾಡಿಕೊಳ್ಳಲು ಈ ಸೀಮೆಯ ಮನೆಗಳಿಗೆ ಎಂದೋ ಗೊತ್ತಿತ್ತು. ಮನೆಯ ಬಚ್ಚಲು ಎಂದರೆ ಒಂದು ಬಾಗಿಲು, ಒಂದು ಅಗುಳಿ, ಒಳಗೆ ಒಬ್ಬರೇ. ಅತ್ತೆ ಮಿಂದು ಬಂದ ಬಚ್ಚಲಿಗೇ ಮಾವ ಹೋಗುತ್ತಾನೆ, ಮಗ ಹೋಗುತ್ತಾನೆ, ಬಂದ ನೆಂಟರೂ ಹೋಗುತ್ತಾರೆ. ಅದು ಗಂಡಸರ ಬಚ್ಚಲೋ ಹೆಂಗಸರ ಬಚ್ಚಲೋ ಎಂದು ಯಾರೂ ಬೋರ್ಡು ಬರೆಸಿಲ್ಲ. ಒಂದೇ ಹಜಾರದಲ್ಲಿ ಹತ್ತು ಜನ ಒಟ್ಟಿಗೆ ಬಟ್ಟೆ ಬದಲಿಸುವ ಏರ್ಪಾಡು ಹಾಸ್ಟೆಲ್ಲು, ಈಜುಕೊಳ, ಕಾರ್ಖಾನೆಗಳ ಜೊತೆ ಬಂದದ್ದು. ಗೋಡೆ ಕಡಿಮೆ, ಖರ್ಚು ಕಡಿಮೆ ಎಂಬುದೇ ಅದರ ಹೆಚ್ಚುಗಾರಿಕೆ. ಯಾರು ಒಳಗೆ ಬರಬೇಕು ಎಂಬ ಜಗಳದ ಬಹುಪಾಲು ಹುಟ್ಟುವುದು ಆ ಹಜಾರದಿಂದ.

2021ರ ಜುಲೈನಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಯಲ್ಲಿ ಇವರಿಗೆ ಶೇಕಡಾ 1ರ ಮೀಸಲಾತಿ ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಪರೀಕ್ಷೆ ಬರೆದು ಕೆಲಸಕ್ಕೆ ಬಂದವರು ಮೊದಲ ದಿನವೇ ಸಮವಸ್ತ್ರ ಬದಲಿಸಬೇಕಾದೀತು. ಪೊಲೀಸ್ ತರಬೇತಿ ಶಾಲೆ, ಆಸ್ಪತ್ರೆ, ಡಿಪೋ ಎಲ್ಲೆಲ್ಲೂ ಅದೇ ಪ್ರಶ್ನೆ ಬರುತ್ತದೆ. ಹಳೆಯ ಕಟ್ಟಡಗಳಲ್ಲಿ ಹಜಾರವನ್ನು ಒಡೆಯಲಾಗದ ಕಡೆ ಮಹಿಳೆಯರ ಕೋಣೆ ಮಹಿಳೆಯರಿಗೇ ಇರಲಿ. ಅದರ ಪಕ್ಕದಲ್ಲಿ ಯಾರ ಚಿತ್ರವೂ ಇಲ್ಲದ, ಯಾರು ಬೇಕಾದರೂ ಹೋಗಬಹುದಾದ ಒಂದು ಒಂಟಿ ಕೋಣೆ ತೆರೆದರೆ ಸಾಕು. ಅಂಗವಿಕಲರು, ಎಳೆ ಕೂಸನ್ನು ಹೊತ್ತ ತಂದೆ, ವಯಸ್ಸಾದ ತಾಯಿಯನ್ನು ಕರೆತಂದ ಮಗ, ಜೋಗಪ್ಪ ಎಲ್ಲರೂ ಅದನ್ನು ಬಳಸುವುದರಿಂದ ಬೀಗವೂ ಬೀಳುವುದಿಲ್ಲ, ಒಳಗೆ ಹೋದವರು ಯಾಕೆ ಹೋದರೆಂದು ಯಾರಿಗೂ ತಿಳಿಯುವುದಿಲ್ಲ.

ಹೊಸದಾಗಿ ಕಟ್ಟುವ ಕಡೆ ಇಷ್ಟು ತೊಂದರೆಯೂ ಇಲ್ಲ. ಬನದ ಹುಣ್ಣಿಮೆಯ ಅಂಬಾಮಠದ ಜಾತ್ರೆಗೆ ತಾತ್ಕಾಲಿಕ ಸ್ನಾನದ ಮನೆಗಳನ್ನು ಎಬ್ಬಿಸುವಾಗ ಒಂದು ದೊಡ್ಡ ತಗಡಿನ ಶೆಡ್ಡಿನ ಬದಲು ಅದೇ ತಗಡಿನಲ್ಲಿ ಆಳೆತ್ತರ ಮೀರಿದ ಹತ್ತು ಗೂಡುಗಳನ್ನು ಸಾಲಾಗಿ ಮಾಡಿಸಬಹುದು. ಮೇಲೆ ತಗಡು ಮುಚ್ಚಿರಬೇಕು, ಗೋಡೆ ನೆಲದವರೆಗೂ ಇಳಿದಿರಬೇಕು, ಬಟ್ಟೆ ಹಾಕಲು ಒಂದು ಗೂಟ, ಒಂದು ದೀಪ ಬೇಕು. ಪಂಚಾಯಿತಿಯವರು ನಕ್ಷೆ ಒಪ್ಪುವ ಮೊದಲು ನಾಟಿ ಮಾಡುವ ಇಬ್ಬರು ಹೆಂಗಸರನ್ನೂ ಹುಲಿಗಿಯ ಒಬ್ಬ ಜೋಗಪ್ಪನನ್ನೂ ಕರೆದು ತೋರಿಸಲಿ. ಅಗುಳಿಯನ್ನು ಬಾಗಿಲಿನ ಯಾವ ಎತ್ತರಕ್ಕೆ ಹಾಕಬೇಕೆಂದು ಇಂಜಿನಿಯರಿಗಿಂತ ಅವರೇ ಚೆನ್ನಾಗಿ ಹೇಳಿಯಾರು.