ತೆರೆಯ ಮೇಲಿನ ಸಲಿಂಗಪ್ರೇಮಿಗಳು, ಮನೆಯೊಳಗಿನ ನಾವು



ನಾವು ನೆಲೆಸಿರುವ ಐರ್ಲೆಂಡಿನಲ್ಲಿ ಗಂಡಸರ ಸಲಿಂಗ ಸಂಬಂಧ 1993ರವರೆಗೆ ಅಪರಾಧವಾಗಿತ್ತು. 2015ರಲ್ಲಿ ಜನರೇ ಮತ ಹಾಕಿ ಸಲಿಂಗ ವಿವಾಹಕ್ಕೆ ಒಪ್ಪಿಗೆಯಿತ್ತರು. ನಡುವಿನ ಕಾಲದ ಸಂಕಟವನ್ನು 2020ರ ‘ಡೇಟಿಂಗ್ ಆಂಬರ್’ ಚಿತ್ರದಲ್ಲಿ ಕಾಣುತ್ತೇವೆ. ಕತೆ ನಡೆಯುವುದು 1995ರಲ್ಲಿ. ಕಾನೂನು ಬದಲಾಗಿದ್ದರೂ ಸಹಪಾಠಿಗಳ ಕುಹಕಕ್ಕೆ ಅಂಜಿ ಎಡ್ಡಿ, ಆಂಬರ್ ಇಬ್ಬರೂ ಜೋಡಿಯಂತೆ ನಟಿಸುತ್ತಾರೆ. ಸೈನಿಕನ ಮಗ ಎಡ್ಡಿಗಂತೂ ನಿಜವನ್ನು ತನಗೆ ತಾನೇ ಹೇಳಿಕೊಳ್ಳಲೂ ಆಗದು. ನಗಿಸುತ್ತಲೇ ಕರುಳು ಹಿಂಡುವ ಚಿತ್ರ!

ನಮ್ಮ ಕನ್ನಡದಲ್ಲಿ? ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ 2015ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದರು. ಆದರೆ ಅದು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವಳ ಕತೆ, ವಿಷಯ ಬೇರೆ. ಸಲಿಂಗಪ್ರೇಮಿಯೋ, ಬಹುಪಾಲು ಹಾಸ್ಯದ ಸರಕು. ಆ ಹಾಸ್ಯಕ್ಕೆ ಮನೆಮಂದಿ ನಗುವುದನ್ನು ಪಕ್ಕದಲ್ಲೇ ಕುಳಿತ ಮಕ್ಕಳೂ ಕೇಳಿಸಿಕೊಳ್ಳುತ್ತಾರೆ. ನಾಳೆ ಅವರಿಗೆ ನಮ್ಮೊಡನೆ ಹೇಳುವುದೇನಾದರೂ ಇದ್ದರೆ?

‘ಆಂಬರ್’ ಚಿತ್ರವನ್ನು ಹರೆಯದ ಮಕ್ಕಳೊಡನೆ ಕೂತು ನೋಡೋಣ. ಮುಗಿದ ಕೂಡಲೇ ಅಡುಗೆಮನೆಗೆ ಏಳುವುದು ಬೇಡ.